ವರ್ಸಿನಿ ಕಮಾಂಡ್ ಕೊಡದ ಭಾನುವಾರ

ಭಾನುವಾರ ಬೆಳಗ್ಗೆ ಅಂಗಡಿಯ ಷಟರ್ ಎತ್ತುವ ಮೊದಲು ವರ್ಸಿನಿ ಬಗ್ಗಿ ಮೆಟ್ಟಿಲು ನೋಡಿದಳು. ಉಬ್ಬರದ ನೀರು ಎರಡನೆಯ ಮೆಟ್ಟಿಲಿಗೆ ತಾಗಿ ನಿಂತಿತ್ತು. ಯಾರದೋ ಒಂದು ರಬ್ಬರ್ ಚಪ್ಪಲಿ ಅದರ ಮೇಲೆ ಮೆಲ್ಲಗೆ ತಿರುಗುತ್ತಿತ್ತು. ಮೂರನೆಯ ಮೆಟ್ಟಿಲು ಒಣಗಿದ್ದರೆ ಅಂಗಡಿ ತೆರೆಯಬಹುದು. ಅವಳು ಚಪ್ಪಲಿಯನ್ನು ಕೋಲಿನಿಂದ ಎಳೆದು ಪಕ್ಕದ ಗೋಡೆಯ ಮೇಲಿಟ್ಟು, ನೀರೆತ್ತುವ ಮೋಟರ್ ಹಾಕಿ, ಒಳಗೆ ಹೋಗಿ ಮೂಲೆಯ ಕಂಪ್ಯೂಟರ್ ಆನ್ ಮಾಡಿದಳು. ಉಳಿದವು ಗಿರಾಕಿಗಳವು. ಮೂಲೆಯದು ಅವಳದು. ಭಾನುವಾರ ಎಲ್ಲರೂ ಸೇರಿ ಆಡುವ ಕಂಪ್ಯೂಟರ್ ಆಟ ಇಡೀ ನಡೆಯುವುದು ಅದರ ಮೇಲೆ. ಬಾಗಿಲ ಪಕ್ಕದ ಒಂದನೆಯ ನಂಬರ್ ಕುರ್ಚಿಯ ಮುಂದೆ ಸಿಹಿ ಚಹಾದ ಲೋಟವಿಟ್ಟು ಮುಚ್ಚಳ ಮುಚ್ಚಿದಳು. ಅದು ಕ್ಯಾಪ್ಟನ್ನರ ಜಾಗ. ಕ್ಯಾಪ್ಟನ್ ಎಂದರೆ ಅವಳ ಮಾವ, ಪಾಕ್ ತರ್ಮುಜಿ. ಇಲ್ಲಿ ಹಿರಿಯ ಗಂಡಸರನ್ನು ಪಾಕ್ ಎಂದೂ ಹೆಂಗಸರನ್ನು ಬು ಎಂದೂ ಕರೆಯುತ್ತಾರೆ.

ಜಾವಾ ದ್ವೀಪದ ಉತ್ತರ ಸೆಮರಾಂಗ್‌ನ ಈ ಓಣಿಯಲ್ಲಿ ಸಮುದ್ರ ಮನೆಯೊಳಗೆ ಬರುತ್ತದೆ. ಜನ ಮಣ್ಣು ತುಂಬಿ ನೆಲ ಎತ್ತರಿಸಿಕೊಳ್ಳುತ್ತಾರೆ. ಚಾವಣಿ ಇದ್ದಲ್ಲೇ ಇರುತ್ತದೆ. ವರ್ಸಿನಿಯ ಈ ವಾರ್ನೆಟ್, ಅಂದರೆ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಂಗಡಿ, ಮೂರು ಸಲ ನೆಲ ಎತ್ತರಿಸಿಕೊಂಡಿದೆ. ಕಿಟಕಿಗಳೀಗ ಮೊಣಕಾಲಿನ ಮಟ್ಟಕ್ಕಿವೆ. ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿರುವ ಕಸ್ನಾದಿ ಉದ್ದನೆಯ ಆಳು. ಅವನು ಒಳಗೆ ಬರುವಾಗ ಬಗ್ಗಿದವನು ಕುರ್ಚಿಯಲ್ಲಿ ಕೂತ ಮೇಲೆಯೇ ನೆಟ್ಟಗಾಗುವುದು. ಈ ಅಂಗಡಿಗೇ ಒಂದು ಪ್ರೊಪೆಲರ್ ಕಟ್ಟಿದರೆ ಸಾಕು, ಕಂಪ್ಯೂಟರಿನಲ್ಲಿ ಬೇರೆ ಜಲಾಂತರ್ಗಾಮಿ ಯಾಕೆ ಎಂದು ಅವನು ವಾರ ವಾರ ಕೇಳುತ್ತಾನೆ. ವಾರ ವಾರ ಯಾರೋ ಒಬ್ಬರಾದರೂ ನಗುತ್ತಾರೆ.

ವರ್ಸಿನಿ ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಾರ್ಖಾನೆ ಮುಚ್ಚಿದಾಗ, ಊರು ಬಿಟ್ಟು ಹೊರಟಿದ್ದ ಸೋದರ ಸಂಬಂಧಿಯೊಬ್ಬನಿಂದ ಈ ಅಂಗಡಿಯನ್ನು ವಹಿಸಿಕೊಂಡಳು. ಗಂಡ ಪರ್ನೊ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಹೆಚ್ಚು ದಿನ ನೀರಿನ ಮೇಲೆ. ಮನೆಯಲ್ಲಿ ಅವಳು ಮತ್ತು ಮಾವ. ತರ್ಮುಜಿ ಬಂದರಿನ ಟಗ್ ದೋಣಿಯಲ್ಲಿ, ದೊಡ್ಡ ಹಡಗುಗಳನ್ನು ಹಗ್ಗ ಕಟ್ಟಿ ದಕ್ಕೆಗೆ ಎಳೆಯುವ ಆ ಗಟ್ಟಿ ಪುಟ್ಟ ದೋಣಿಯಲ್ಲಿ, ಆಯುಷ್ಯವಿಡೀ ದುಡಿದವರು. ಎಂಜಿನ್ ಕೋಣೆಯಲ್ಲಿ ಶುರುಮಾಡಿ ಚುಕ್ಕಾಣಿಗೆ ಬಂದವರು. ನಿವೃತ್ತಿಯಾದ ಮೇಲೆ ಅಂಗಳದಲ್ಲಿ ಪಾರಿವಾಳದ ಪಂಜರದ ಮುಂದೆ ಕೂತು, ಅದು ಕೂಗಿದರೆ ತಲೆಯಾಡಿಸಿ, ಕೂಗದಿದ್ದರೂ ತಲೆಯಾಡಿಸಿ ದಿನ ಕಳೆಯುತ್ತಿದ್ದರು.

ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದು ತುಮಿನಿ. ಬು ತುಮಿನಿ ಪಕ್ಕದಲ್ಲೇ ಗಾಡಿಯಿಟ್ಟುಕೊಂಡು ತಾಹು ಗಿಂಬಲ್ ಮಾರುತ್ತಾಳೆ. ಕರಿದ ತೋಫು, ಸಿಗಡಿ ಬೋಂಡ, ಮೇಲೆ ಕಡಲೆಕಾಯಿ ಗೊಜ್ಜು. ವ್ಯಾಪಾರ ಕಡಿಮೆಯಿದ್ದಾಗ ಅಂಗಡಿಗೆ ಬಂದು ಕಸ್ನಾದಿ ಮತ್ತು ಬೈಕ್ ಬಾಡಿಗೆಗೆ ಓಡಿಸುವ ಮುರ್ಸಿದ್ ಜೊತೆ ಈ ಜಲಾಂತರ್ಗಾಮಿ ಆಟ ಆಡುತ್ತಿದ್ದಳು. ಆಟದಲ್ಲಿ ಒಂದೇ ಹಡಗು, ಆಡುವವರೆಲ್ಲ ಅದರ ಸಿಬ್ಬಂದಿ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹಡಗಿಗೆ ಶಕ್ತಿ ಕೊಡುವ ರಿಯಾಕ್ಟರ್ ನೋಡಬೇಕು, ಮತ್ತೊಬ್ಬರು ಬಿರುಕಿಗೆ ಬೆಸುಗೆ ಹಾಕಬೇಕು. ನಮಗೆ ಕ್ಯಾಪ್ಟನ್ ಇಲ್ಲ, ಮನೆಯಲ್ಲಿ ಒಬ್ಬ ನಿಜವಾದ ಕ್ಯಾಪ್ಟನ್ ಪಾರಿವಾಳ ಕಾಯುತ್ತಿದ್ದಾರೆ ಎಂದು ತುಮಿನಿ ಹೋಗಿ ಕರೆದುಕೊಂಡು ಬಂದಳು. ತರ್ಮುಜಿ ಹಡಗಿಗೆ ಬಂಡೆಂಗ್ ಎಂದು ಹೆಸರಿಟ್ಟರು. ಅದು ಈ ಊರಿನ ಮೀನು. ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವ ತನಕ ಬೇಯಿಸಿ ತಿನ್ನುತ್ತಾರೆ. ಆಳಕ್ಕೆ ಇಳಿದಾಗ ನಮಗೂ ಅದೇ ಗತಿ ಎಂದಳು ತುಮಿನಿ.

ಮೊದಲ ಸಲ ಇಳಿದಾಗ ಬಂಡೆಂಗ್ ಚಹಾ ಆರುವಷ್ಟರಲ್ಲಿ ಮುಳುಗಿತು. ತರ್ಮುಜಿ ಹೆಡ್‌ಫೋನ್ ತೆಗೆದು ಕೀಬೋರ್ಡಿನ ಪಕ್ಕ ನೇರವಾಗಿ ಜೋಡಿಸಿಟ್ಟರು. ಬಂದರಿನಲ್ಲಿ ಕೊನೆಯ ದಿನ ಟೋಪಿಯನ್ನು ಮೇಜಿನ ಮೇಲೆ ಇಟ್ಟು ಬಂದದ್ದು ಹೀಗೆಯೇ. ಆ ದಿನ ವರ್ಸಿನಿ ಕಚೇರಿಯ ಬಾಗಿಲಲ್ಲಿ ನಿಂತು ನೋಡಿದ್ದಳು. ಇನ್ನೊಂದು ಸಲ ಇಳಿಯೋಣ ಎಂದು ಅವಳೇ ಹೇಳಿದಳು. ಆ ಸಲ ನೀರು ನುಗ್ಗಿದಾಗ ಮೂಲೆಯಲ್ಲಿ ಕೂತು, ಕೀಬೋರ್ಡಿನ ಎಡತುದಿಯ ಕೀ ಒತ್ತಿ ಕನ್ಸೋಲ್ ತೆರೆದಳು. ಆಟ ನಡೆಸುವವರಿಗಷ್ಟೇ ಕಾಣುವ ಕಪ್ಪು ಪಟ್ಟಿ ಅದು. ಅದರಲ್ಲಿ ಸರಿಯಾದ ಪದ, ಅಂದರೆ ಕಮಾಂಡ್, ಟೈಪ್ ಮಾಡಿದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಇನ್ನೊಂದು ಪದಕ್ಕೆ ನೀರು ಇಳಿಯುತ್ತದೆ, ಮತ್ತೊಂದಕ್ಕೆ ಸತ್ತವನು ಎದ್ದು ಕೂರುತ್ತಾನೆ. ಅವಳು ಎರಡು ಪದ ಹೊಡೆದಳು. ಬಂಡೆಂಗ್ ಮುಂದೆ ಹೋಯಿತು. ತರ್ಮುಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಚಹಾ ಕೇಳಿದರು.

ಅಂದಿನಿಂದ ಅದೇ ಅವಳ ಭಾನುವಾರದ ಕೆಲಸವಾಯಿತು. ಆಟದೊಳಗೆ ಅವಳು ಹಡಗಿನ ಅಡುಗೆಯವಳು, ಹಿಂದಿನ ಕೋಣೆ ಬಿಟ್ಟು ಹೊರಬರುವವಳಲ್ಲ. ಹೊರಗೆ, ಮೂಲೆಯಲ್ಲಿ, ಗಿರಾಕಿಗೆ ಚಿಲ್ಲರೆ ಎಣಿಸುವವಳ ಮುಖ ಮಾಡಿಕೊಂಡು ಅವಳು ಇಡೀ ಹಡಗನ್ನು ಹೊತ್ತಿರುತ್ತಿದ್ದಳು. ಇಂಗ್ಲಿಷ್ ಮಾತಾಡಲು ಬಾರದ ಅವಳಿಗೆ ಆ ಉದ್ದುದ್ದ ಕಮಾಂಡುಗಳೆಲ್ಲ ಬೆರಳ ತುದಿಯಲ್ಲಿದ್ದವು. ಎಲ್ಲವನ್ನೂ ಪೂರ್ತಿ ಸರಿಮಾಡಬಾರದು ಎಂಬುದನ್ನೂ ಕಲಿತಿದ್ದಳು. ಸ್ವಲ್ಪ ನೀರು ಉಳಿಸಬೇಕು, ಒಂದೆರಡು ದೀಪ ಆರಲು ಬಿಡಬೇಕು. ಇಲ್ಲದಿದ್ದರೆ ಗೆದ್ದ ಹಾಗೆ ಅನಿಸುವುದಿಲ್ಲ.

ಹಡಗು ಪದೇ ಪದೇ ಮುಳುಗುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಟಗ್ ದೋಣಿಯಲ್ಲಿ ಹಗ್ಗ ಬಿಗಿಯುವ ಮೊದಲೇ ಎಂಜಿನ್ ಪೂರ್ತಿ ಬಿಸಿಯಾಗಿ ಸಿದ್ಧವಿರಬೇಕು. ತರ್ಮುಜಿ ಆಟದ ರಿಯಾಕ್ಟರನ್ನೂ ಹಾಗೆಯೇ ನಡೆಸುತ್ತಿದ್ದರು. ಹಡಗು ನಿಂತಿದ್ದರೂ ಶಕ್ತಿ ಏರಿಸಲು ತುಮಿನಿಗೆ ಅಪ್ಪಣೆ ಕೊಡುತ್ತಿದ್ದರು. ಬಳಸದ ಶಕ್ತಿ ಶಾಖವಾಗಿ, ಶಾಖ ಬೆಂಕಿಯಾಗುತ್ತಿತ್ತು. ಟಗ್ ದೋಣಿ ದೊಡ್ಡ ಹಡಗಿನ ಮೈಗೆ ಮೈ ಒತ್ತಿ ಕೆಲಸ ಮಾಡುತ್ತದೆ. ಆ ರೂಢಿಯಲ್ಲಿ ಅವರು ಬಂಡೆಂಗನ್ನು ಬಂಡೆಗೆ ಉಜ್ಜಿಕೊಂಡೇ ಒಯ್ಯುತ್ತಿದ್ದರು. ರಿಯಾಕ್ಟರಿನ ಮುಳ್ಳು ಕೆಂಪಿಗೆ ಹೋಗುವುದು ತುಮಿನಿಗೆ ಕಾಣುತ್ತಿತ್ತು. ಬಂಡೆ ಹತ್ತಿರವಾಗುವುದು, ಸದ್ದಿನಿಂದ ಸುತ್ತಲಿನ ನೀರನ್ನು ತೋರಿಸುವ ಸೋನಾರ್ ನೋಡುವ ಮುರ್ಸಿದ್‌ಗೆ ಕಾಣುತ್ತಿತ್ತು. ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಈ ಓಣಿಯಲ್ಲಿ ದೊಡ್ಡವರ ತಪ್ಪನ್ನು ಅವರ ಮುಖಕ್ಕೆ ಹೇಳುವ ಪದ್ಧತಿಯಿಲ್ಲ. ಗಿರಾಕಿಗಳ ಜೊತೆ ಬಾಯಿಗೆ ಬಂದಂತೆ ಜಗಳವಾಡುವ ತುಮಿನಿಯೂ ತರ್ಮುಜಿಯವರ ಮುಂದೆ ದೊಡ್ಡವರಿಗಾಗಿ ಇರುವ ಜಾವಾ ಮಾತನ್ನೇ ಆಡುತ್ತಿದ್ದಳು. ಅದರಲ್ಲಿ 'ನೀವು ತಪ್ಪು ಮಾಡಿದಿರಿ' ಎಂಬ ವಾಕ್ಯ ಕಟ್ಟುವಷ್ಟರಲ್ಲಿ ಮೂರು ಸಲ ಕ್ಷಮೆ ಕೇಳಿ ಆಗಿರುತ್ತದೆ, ಅಷ್ಟರಲ್ಲಿ ಹಡಗೂ ಮುಳುಗಿರುತ್ತದೆ. ಬಂಡೆಂಗ್ ಹೇಗೆ ಉಳಿಯುತ್ತಿದೆ ಎಂದು ಯಾರೂ ಕೇಳಲಿಲ್ಲ. ನಮ್ಮ ಹಡಗಿಗೆ ಯಾರೋ ಹಿರಿಯರ ಆಶೀರ್ವಾದವಿದೆ ಎಂದು ಮುರ್ಸಿದ್ ಒಮ್ಮೆ ಮೂಲೆಯ ಕಡೆ ನೋಡದೆಯೇ ಹೇಳಿದ.

ಕೆಟ್ಟದ್ದು ಒಂದು ಮದುವೆಯಿಂದ. ಓಣಿಯ ತುದಿಯ ಮನೆಯಲ್ಲಿ ಮದುವೆ ಬಂದು, ಪದ್ಧತಿಯಂತೆ ನೆರೆಹೊರೆಯ ಹೆಂಗಸರೆಲ್ಲ ಅಡುಗೆಗೆ ಹೋದರು. ತುಮಿನಿ ಗಾಡಿ ಇದೆ ಎಂದು ತಪ್ಪಿಸಿಕೊಂಡಳು. ವರ್ಸಿನಿಗೆ ನೆಪ ಸಿಗಲಿಲ್ಲ. ಭಾನುವಾರ ಆಟ ಶುರುಮಾಡಿಕೊಟ್ಟು ಹೋದ ಅವಳು ಅಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಇಲ್ಲಿ ಬಂಡೆಂಗ್ ಇಳಿಯಿತು, ಮುಳುಗಿತು. ಮತ್ತೆ ಇಳಿದು ಮತ್ತೆ ಮುಳುಗಿತು. ಮೂರನೆಯ ಸಲ ಒಳಗೆ ಬೆಂಕಿ ಬಿದ್ದು ಎಲ್ಲರೂ ಸತ್ತರು. ತರ್ಮುಜಿ ಹೆಡ್‌ಫೋನ್ ತೆಗೆದು ನೇರವಾಗಿ ಜೋಡಿಸಿಟ್ಟು, ಯಾರಿಗೂ ಏನೂ ಹೇಳದೆ ಮನೆಗೆ ಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಮ್ಮ ಮೋಟಾರ್‌ಸೈಕಲ್ಲಿನ ಕೀಯನ್ನು ಅಡುಗೆಮನೆಯ ಗೂಟಕ್ಕೆ ನೇತುಹಾಕಿ, ಇದನ್ನು ಇನ್ನು ನೀನೇ ಇಟ್ಟುಕೋ ಎಂದರು. ಕಾರಣ ಕೇಳಿದಾಗ ಶಾಂತವಾಗಿಯೇ ಹೇಳಿದರು. ಅಷ್ಟು ದಿನ ಚೆನ್ನಾಗಿ ನಡೆಸುತ್ತಿದ್ದ ಹಡಗನ್ನು ಒಂದೇ ಬೆಳಗ್ಗೆ ಮೂರು ಸಲ ಮುಳುಗಿಸಿದ್ದೇನೆ, ಅದೇ ಕೈ, ಅದೇ ಅಪ್ಪಣೆ, ಹಾಗಾದರೆ ಕೆಟ್ಟಿರುವುದು ತಲೆ. ನನ್ನ ಅಣ್ಣನಿಗೂ ಹೀಗೆಯೇ ಶುರುವಾಗಿತ್ತು. ರಸ್ತೆಯಲ್ಲಿ ಯಾರಿಗಾದರೂ ಗುದ್ದುವ ಮೊದಲೇ ನಿಲ್ಲಿಸುವುದು ಒಳ್ಳೆಯದು. ಹೀಗೆ ಹೇಳಿ ಪಂಜರದ ಮುಂದೆ ಹೋಗಿ ಕೂತರು. ಮೀನುಮಾರುಕಟ್ಟೆಗೆ ಹೋಗುವುದನ್ನೂ ಬಿಟ್ಟರು. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು.

ವರ್ಸಿನಿಯ ಮುಂದೆ ಎರಡು ದಾರಿಗಳಿದ್ದವು. ಹೇಗಾದರೂ ಮಾಡಿ ಅವರನ್ನು ಮತ್ತೆ ಕೂರಿಸಿ, ಇನ್ನೂ ಜಾಣತನದಿಂದ ಕಮಾಂಡ್ ಕೊಡುತ್ತಾ ಹೋಗುವುದು ಸುಲಭದ್ದು. ಇನ್ನೊಂದು, ಇದ್ದದ್ದನ್ನು ಹೇಳುವುದು. ಅವಳು ತುಮಿನಿಯ ಗಾಡಿಯ ಹತ್ತಿರ ಹೋಗಿ ನಿಂತಳು.

"ಹೇಳಬೇಡ," ಎಂದಳು ತುಮಿನಿ, ಒರಳಿನಲ್ಲಿ ಕಡಲೆಕಾಯಿ ಅರೆಯುತ್ತಾ. "ಸೊಸೆ ಕೈಲಿ ಗೆಲ್ಲಿಸಿಕೊಂಡೆ ಅಂತ ಗೊತ್ತಾದ್ರೆ ಆ ಮನುಷ್ಯ ಓಣಿಗೇ ಕಾಲಿಡಲ್ಲ."

"ಈಗಲೂ ಇಡ್ತಿಲ್ಲವಲ್ಲ, ಬು."

"ಅದು ಬೇರೆ."

"ತಲೆ ಕೆಟ್ಟಿದೆ ಅಂದ್ಕೊಂಡು ಬದುಕೋದಕ್ಕಿಂತ ಸೊಸೆ ಕೆಟ್ಟವಳು ಅಂದ್ಕೊಂಡು ಬದುಕ್ಲಿ."

ತುಮಿನಿ ಅರೆಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ನಾನು ಸುಮ್ನೆ ಕೂತಿದ್ದೆ ಅಂತಲೂ ಹೇಳು. ಆದರೆ ನಾನು ಇಲ್ಲಿಲ್ಲದಾಗ ಹೇಳು."

ಮಂಗಳವಾರ ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ವರ್ಸಿನಿ ಅಂಗಡಿಯ ಷಟರ್ ಅರ್ಧ ಇಳಿಸಿ, ಮಾವನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು. ಕಂಪ್ಯೂಟರ್ ಕೆಟ್ಟಿದೆ, ಸ್ವಲ್ಪ ನೋಡಬೇಕು ಎಂದು ಕರೆದಿದ್ದಳು. ತಮಗೇನು ಗೊತ್ತು ಎನ್ನುತ್ತಲೇ ಅವರು ಬಂದಿದ್ದರು. ತೆರೆಯ ಮೇಲೆ ಬಂಡೆಂಗ್ ಖಾಲಿಯಾಗಿ ನಿಂತಿತ್ತು. ಅವಳು ಅದರ ಬದಿಗೆ ತೂತು ಮಾಡಿಸಿದಳು. ನೀರು ಮೊಣಕಾಲಿಗೆ, ಸೊಂಟಕ್ಕೆ ಏರಿತು. ಎಡತುದಿಯ ಕೀ ಒತ್ತಿ ಎರಡು ಪದ ಹೊಡೆದಳು. ತೂತು ಮುಚ್ಚಿತು, ನೀರು ಮಾಯವಾಯಿತು.

"ಪಾಕ್, ನಿಮ್ಮ ತಲೆ ಸರಿಯಾಗೇ ಇದೆ," ಎಂದಳು. "ಹಡಗು ಮೊದಲಿಂದಲೂ ಮುಳುಗ್ತಾನೇ ಇತ್ತು."

"ಮೊದಲಿಂದ ಅಂದ್ರೆ?"

"ಎರಡನೇ ಸಲ ಇಳಿದಾಗಿನಿಂದ. ನಾನೇ ಎತ್ತುತ್ತಿದ್ದೆ."

ತರ್ಮುಜಿ ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡರು. ಇನ್ನೊಂದು ಸಲ ಮಾಡು ಎಂದರು. ಮಾಡಿದಳು. ಬೆಂಕಿಯನ್ನೂ ಆರಿಸುತ್ತದೆಯೋ ಎಂದು ಕೇಳಿದರು. ಆರಿಸಿ ತೋರಿಸಿದಳು. ಟಗ್ಗಿನಲ್ಲಿ ಇದೊಂದು ಇದ್ದಿದ್ದರೆ ಎಷ್ಟು ರಾತ್ರಿ ನಿದ್ದೆ ಮಾಡಬಹುದಿತ್ತು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅವರು ಸಿಟ್ಟಾಗಿದ್ದಾರೋ ಇಲ್ಲವೋ ವರ್ಸಿನಿಗೆ ತಿಳಿಯಲಿಲ್ಲ.

"ಯಾವುದನ್ನ ಜಾಸ್ತಿ ಸರಿ ಮಾಡ್ತಿದ್ದೆ?"

"ರಿಯಾಕ್ಟರ್, ಪಾಕ್. ತುಂಬ ಬಿಸಿ ಮಾಡಿಸ್ತೀರಿ. ಆಮೇಲೆ ಎಡಗಡೆ ಗೋಡೆ."

"ತುಮಿನಿ ಅದರ ಮುಂದೇ ಕೂತಿರ್ತಾಳಲ್ಲ, ಅವಳಿಗೆ ಕಾಣಲ್ವಾ?"

"ಕಾಣತ್ತೆ."

"ಮತ್ತೆ?"

ವರ್ಸಿನಿ ನೆಲ ನೋಡಿದಳು. "ನಿಮಗೆ ಯಾರು ಹೇಳ್ತಾರೆ, ಪಾಕ್."

ಅವರು ಎದ್ದು, ಅರ್ಧ ಇಳಿದ ಷಟರಿನ ಕೆಳಗೆ ಬಗ್ಗಿ ಹೊರಗೆ ಹೋದರು. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ತಟ್ಟೆಯಲ್ಲಿ ಮಾತ್ರ ಅನ್ನ ಉಳಿಯಲಿಲ್ಲ. ಅದನ್ನು ಅವಳು ಗಮನಿಸಿದಳು.

ಶನಿವಾರ ಸಂಜೆ ಅವರು ಅಂಗಡಿಗೆ ಬಂದಾಗ ಕಂಕುಳಲ್ಲಿ ಓಣಿಯ ಕಾವಲುಕಟ್ಟೆಯ ಕೆಂತೋಂಗನ್ ಇತ್ತು. ಸೀಳು ಬಿಟ್ಟ ದಪ್ಪ ಬಿದಿರಿನ ಕೊಳವೆ, ಜೊತೆಗೊಂದು ಕೊಡತಿ. ಗಸ್ತು ತಿರುಗುವವರು ಬೆಂಕಿ ಕಂಡರೆ, ಕಳ್ಳ ಕಂಡರೆ, ನೀರು ಏರಿದರೆ ಅದನ್ನು ಬಡಿಯುತ್ತಾರೆ. ಒಂದೊಂದಕ್ಕೂ ಒಂದೊಂದು ಬಡಿತ. ತರ್ಮುಜಿ ಅದನ್ನು ಕಂಪ್ಯೂಟರ್ ಸಾಲಿನ ನಡುವಿನ ಕಂಬಕ್ಕೆ, ಎಲ್ಲರ ಕೈಗೂ ಎಟಕುವಂತೆ ಕಟ್ಟಿದರು. ಮರುದಿನ, ಆ ಚಪ್ಪಲಿ ತೇಲಿ ಬಂದ ಭಾನುವಾರ, ಎಲ್ಲರೂ ಕೂತ ಮೇಲೆ ವಿಷಯ ಹೇಳಿದರು. ನಡೆದದ್ದೆಲ್ಲ ತಮಗೆ ಗೊತ್ತಾಗಿದೆ, ಅದರ ಮಾತು ಇಲ್ಲಿಗೆ ಸಾಕು. ಇನ್ನು ಮೇಲೆ ಬಿರುಕಿಗೆ ಒಂದು ಏಟು, ಶಾಖಕ್ಕೆ ಎರಡು, ಬಂಡೆಗೆ ಮೂರು.

ತುಮಿನಿ ತನ್ನ ತಲೆವಸ್ತ್ರದ ತುದಿಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. ಕೊನೆಗೆ ಕಸ್ನಾದಿ, ನಾವು ಬಡಿಯುವುದೆಂದರೆ, ಪಾಕ್, ನಿಮಗೆ ನಾವು ಹೇಗೆ, ಎಂದು ತೊದಲಿದ.

"ಮನೆಗೆ ಬೆಂಕಿ ಬಿದ್ರೆ ಇದನ್ನ ಬಡಿಯೋನು ಮೊದಲು ಹೋಗಿ ಹಿರಿಯರ ಅಪ್ಪಣೆ ಕೇಳ್ತಾನಾ?" ಎಂದರು ತರ್ಮುಜಿ. "ಕಂಡೋನು ಬಡೀತಾನೆ. ಬಡಿದೋನು ಯಾರ ಮಗ, ಎಷ್ಟು ವಯಸ್ಸು ಅಂತ ಯಾರೂ ಕೇಳಲ್ಲ."

ಆಮೇಲೆ ಮೂಲೆಯ ಕಡೆ ತಿರುಗಿ ಕೈ ಚಾಚಿದರು. ವರ್ಸಿನಿಗೆ ಅರ್ಥವಾಯಿತು. ಚಮಚದ ಹಿಡಿಯಿಂದ ಕೀಬೋರ್ಡಿನ ಎಡತುದಿಯ ಕೀಯನ್ನು ಮೀಟಿ ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಕೀಬೋರ್ಡ್ ಹಲ್ಲು ಕಿತ್ತಿಸಿಕೊಂಡ ಹಾಗಿದೆ ಎಂದಳು ತುಮಿನಿ. ಅವಳು ಬಾಯಿ ಬಿಟ್ಟದ್ದು ಆಗಲೇ.

"ಇನ್ನು ಆ ಮೂಲೇಲಿ ನಿನಗೇನು ಕೆಲಸ?" ಎಂದರು ತರ್ಮುಜಿ ಸೊಸೆಗೆ. "ಹಡಗಿನೊಳಗೆ ಬಾ."

ಆ ಬೆಳಗ್ಗೆ ಮೊದಲು ಸತ್ತವಳು ವರ್ಸಿನಿ. ಪದ ಹೊಡೆದು ಎಷ್ಟೋ ಬಿರುಕು ಮುಚ್ಚಿದ್ದ ಅವಳಿಗೆ ಬೆಸುಗೆಯ ಉಪಕರಣವನ್ನು ಕೈಗೆ ಎತ್ತಿಕೊಳ್ಳುವುದು ಹೇಗೆಂದೇ ಗೊತ್ತಿರಲಿಲ್ಲ. ಕೋಣೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡು, ನೀರನ್ನೂ ತನ್ನ ಜೊತೆಗೇ ಇಟ್ಟುಕೊಂಡು ಮುಳುಗಿದಳು. ಎಡಗೈಯ ಬೆರಳು ಎರಡು ಸಲ ಕೀ ಇಲ್ಲದ ಖಾಲಿ ಜಾಗಕ್ಕೆ ತಾನಾಗಿ ಹೋಯಿತು. ಕಸ್ನಾದಿ ಪಕ್ಕಕ್ಕೆ ಬಂದು, ಟೈರಿಗೆ ತೇಪೆ ಹಾಕುವುದನ್ನು ಹೇಳಿಕೊಡುವವನ ಹಾಗೆ ತಾಳ್ಮೆಯಿಂದ ತೋರಿಸಿದ. ಮೊದಲು ನೀರು ಬರುವ ಜಾಗ ಹುಡುಕು, ನೀರನ್ನೇ ನೋಡುತ್ತಾ ನಿಲ್ಲಬೇಡ. ಆ ಸಲ ಹಡಗೂ ಉಳಿಯಲಿಲ್ಲ.

ಎರಡನೆಯ ಸಲ ಇಳಿದಾಗ ಮುರ್ಸಿದ್‌ನ ಸೋನಾರಿನಲ್ಲಿ ಬಂಡೆ ಕಂಡಿತು. ಅವನು ಕೊಡತಿ ಹಿಡಿದ ಕೈಯನ್ನು ಗಾಳಿಯಲ್ಲಿ ಎತ್ತಿಕೊಂಡೇ ಕೂತ. ಆಮೇಲೆ ಬಿದಿರನ್ನು ಮುಟ್ಟಿಸಿದ, ಅಷ್ಟೆ.

"ಅದೇನು ಮಗು ಮಲಗಿಸ್ತಿದ್ದೀಯಾ?" ಎಂದರು ತರ್ಮುಜಿ, ತೆರೆಯಿಂದ ಕಣ್ಣು ತೆಗೆಯದೆ.

ಮುರ್ಸಿದ್ ಮೂರು ಏಟು ಹೊಡೆದ. ತಗ್ಗಿದ ಚಾವಣಿಯ ಕೆಳಗೆ ಸದ್ದು ಕಿವಿಗಡಚಿಕ್ಕಿತು. ಬಂಡೆಂಗ್ ಬಲಕ್ಕೆ ವಾಲಿ ಬಂಡೆಯಿಂದ ಸರಿಯಿತು. ಸ್ವಲ್ಪದರಲ್ಲೇ ತುಮಿನಿ ಎದ್ದು ನಿಂತು ಎರಡು ಏಟು ಹೊಡೆದು, ಕ್ಷಮಿಸಬೇಕು ಪಾಕ್ ಎಂದು ದೊಡ್ಡವರ ಮಾತಿನಲ್ಲಿ ಶುರುಮಾಡಿದಳು.

"ಕೊಡತಿ ಕ್ಷಮೆ ಕೇಳಲ್ಲ, ತುಮಿನಿ. ಎಷ್ಟಕ್ಕೆ ಇಳಿಸಬೇಕು?"

"ಅರ್ಧಕ್ಕೆ."

"ಇಳಿಸು."

ಆಗ ಬಾಗಿಲಲ್ಲಿ ಗದ್ದಲವಾಯಿತು. ಪಕ್ಕದ ಮನೆಯಾತ ಲುಂಗಿ ಎತ್ತಿ ಕಟ್ಟಿಕೊಂಡು ಬಕೆಟ್ ಹಿಡಿದು ನಿಂತಿದ್ದ. ಅವನ ಹಿಂದೆ ಇನ್ನೂ ನಾಲ್ಕೈದು ಜನ. ಒಬ್ಬಳು ಹೆಂಗಸು ಹಾಸಿಗೆ ಸುತ್ತಿ ತಲೆಯ ಮೇಲೆ ಹೊತ್ತು ತಂದಿದ್ದಳು. ಹಗಲು ಹೊತ್ತಿನಲ್ಲಿ ಕೆಂತೋಂಗನ್ ಬಡಿದರೆ ಈ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ. ನೀರು ಎಲ್ಲಿಗೆ ಬಂತು ಎಂದು ಅವರೆಲ್ಲ ಒಟ್ಟಿಗೆ ಕೇಳಿದರು.

"ಎಂಜಿನ್ ಕೋಣೆಗೆ," ಎಂದಳು ವರ್ಸಿನಿ. ಅವಳು ಬೆಸುಗೆ ಹಾಕುತ್ತಿದ್ದಳು, ತಿರುಗಿ ನೋಡಲು ಪುರುಸೊತ್ತಿರಲಿಲ್ಲ.

ಬಕೆಟ್ಟಿನವನು ಬೈದ. ಆದರೆ ಹೋಗಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ತರ್ಮುಜಿಯವರ ಹೆಗಲ ಹಿಂದಿನಿಂದ ನೋಡತೊಡಗಿದ. ಬಂಡೆಂಗ್ ಆಟದೊಳಗಿನ ಮೊದಲ ನಿಲ್ದಾಣ ಮುಟ್ಟುವಾಗ ಚಹಾ ಎರಡು ಸಲ ಆಗಿತ್ತು. ಕಮಾಂಡುಗಳ ಕಾಲದಲ್ಲಿ ಆ ನಿಲ್ದಾಣವನ್ನು ಅವರು ನಿಲ್ಲದೆಯೇ ದಾಟಿ ಹೋಗುತ್ತಿದ್ದರು. ಈಗ ಅರ್ಧ ದೀಪಗಳು ಆರಿದ್ದವು, ಅಡುಗೆಕೋಣೆ ಪೂರ್ತಿ ನೀರಿನಲ್ಲಿತ್ತು, ಮುರ್ಸಿದ್ ಸತ್ತಿದ್ದ. ಸತ್ತ ಮುರ್ಸಿದ್ ಕುರ್ಚಿಯಲ್ಲಿ ಕೂತು ತೋಫು ತಿನ್ನುತ್ತಾ ಎಲ್ಲರಿಗೂ ಸಲಹೆ ಕೊಡುತ್ತಿದ್ದ. ತರ್ಮುಜಿ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡರು. ತೆಗೆದಿಡಲಿಲ್ಲ.

ಕಾವಲುಕಟ್ಟೆಯ ಮುಖಂಡ ಸಂಜೆ ಬಂದು, ಇನ್ನೊಂದು ಸಲ ಹೀಗಾದರೆ ನಿಜವಾದ ನೀರು ಬಂದಾಗ ಯಾರೂ ಏಳುವುದಿಲ್ಲ ಎಂದು ಹೇಳಿ ಕೆಂತೋಂಗನ್ ಬಿಚ್ಚಿಕೊಂಡು ಹೋದ. ಅವನ ಮಾತು ಸರಿ ಎಂದು ಎಲ್ಲರೂ ಒಪ್ಪಿದರು. ಚಿಕ್ಕದೊಂದು ಮಾಡಿಕೊಳ್ಳಬೇಕು, ಅಂಗಡಿಯ ಹೊರಗೆ ಕೇಳದಂಥದ್ದು, ಎಳೆ ಬಿದಿರಾದರೆ ಸದ್ದು ತೆಳ್ಳಗಿರುತ್ತದೆ ಎಂದರು ತರ್ಮುಜಿ. ರಿಯಾಕ್ಟರನ್ನು ಸ್ವಲ್ಪ ದಿನ ಬೇರೆಯವರು ನೋಡಿಕೊಳ್ಳಲಿ, ತಾನು ಬೆಸುಗೆ ಕಲಿಯಬೇಕು ಎಂದು ತುಮಿನಿ ಕೇಳಿದಳು.

ಸೋಮವಾರ ಬೆಳಗ್ಗೆ ತರ್ಮುಜಿ ಗೂಟದ ಮೇಲಿದ್ದ ಕೀ ತೆಗೆದುಕೊಂಡು, ಮೋಟಾರ್‌ಸೈಕಲ್ ಒರೆಸಿ, ಬಿದಿರು ತರಲು ಹೊರಟರು. ಮುಂದಿನ ಭಾನುವಾರ ರಿಯಾಕ್ಟರಿನ ಮುಂದೆ ವರ್ಸಿನಿ ಕೂರುತ್ತಾಳೆ.